ಸ್ಯಾಟಿನ್ ಸರಿ, ನೂಲು ಯಾವುದು?

ದಾವಣಗೆರೆಯ ನಮ್ಮ ಅಂಗಡಿಗೆ ಬರುವ ಹೆಣ್ಣುಮಕ್ಕಳು ಒಳ ಉಡುಪನ್ನು ಎರಡು ಬೆರಳ ನಡುವೆ ಉಜ್ಜಿ ನೋಡುತ್ತಾರೆ. ಜಾರಿತೋ, 'ಇದೇ ಕೊಡಿ ಅಕ್ಕಾ.' ಫ್ಯಾನಿನ ಕೆಳಗೆ ನಿಂತವರ ಒಣ ಬೆರಳಿಗೆ ಎಲ್ಲ ನುಣುಪೂ ಒಂದೇ. ಏಪ್ರಿಲ್ ಮಧ್ಯಾಹ್ನ, ಸೀಟು ಸಿಗದ ಬಸ್ಸಿನಲ್ಲಿ ಬೆನ್ನು ಬೆವರಿದಾಗ ಬೇರೆಯದೇ ಕಥೆ.

ಸ್ಯಾಟಿನ್ ಎಂದರೆ ನೂಲಲ್ಲ, ನೇಯುವ ಬಗೆ. ಹಾಸಿನ ಎಳೆ ನಾಲ್ಕೋ ಹೆಚ್ಚೋ ಹೊಕ್ಕಿನೆಳೆಗಳ ಮೇಲೆ ಹಾಯ್ದು, ಒಂದರಡಿ ನುಸುಳಿ ಮತ್ತೆ ಮೇಲೇಳುತ್ತದೆ. ಹೀಗೆ ಮೇಲೇ ಮಲಗಿದ ಎಳೆಗಳಿಂದಲೇ ಆ ಹೊಳಪು. ಒಡೆದ ಹಿಮ್ಮಡಿಯೋ ಬಳೆಯ ಚೂಪೋ ತಾಗಿದರೆ ಎಳೆ ಕಿತ್ತು ಬರುವುದೂ ಅದಕ್ಕೇ. ರೇಷ್ಮೆಯಲ್ಲಿ ನೇಯ್ದರೂ ಸ್ಯಾಟಿನ್, ಪಾಲಿಯೆಸ್ಟರಿನಲ್ಲಿ ನೇಯ್ದರೂ ಸ್ಯಾಟಿನ್. ನಮ್ಮ ಪೇಟೆಗೆ ಅಗ್ಗವಾಗಿ ಬರುವುದು ಬಹುಪಾಲು ಎರಡನೆಯದೇ. ಸಾಮಾನ್ಯ ಹವೆಯಲ್ಲಿ ಪಾಲಿಯೆಸ್ಟರ್ ನೂಲು ತನ್ನ ತೂಕದ ಶೇ. 0.4ರಷ್ಟು ಮಾತ್ರ ತೇವ ಹಿಡಿಯುತ್ತದೆ. ಹತ್ತಿ ಶೇ. 8ರ ಆಸುಪಾಸು, ರೇಷ್ಮೆ ಶೇ. 11. ಬೆವರನ್ನು ನೂಲು ಕುಡಿಯದಿದ್ದರೆ ಅದು ಮೈಮೇಲೇ ನಿಲ್ಲುತ್ತದೆ. ಸ್ಯಾಟಿನ್ ನೈಟಿ ಸಡಿಲವಾಗಿರುತ್ತದೆ, ನಡೆದೀತು. ಬಿಗಿಯಾದ ಬ್ರಾಗೆ ಅದು ಬೇಡವೆನ್ನುತ್ತೇನೆ.

ಹಾಗೆಂದು ರೇಷ್ಮೆ ತೆಗೆದುಕೊಳ್ಳಿ ಎನ್ನುವವಳೂ ನಾನಲ್ಲ. ಬೆವರು ರೇಷ್ಮೆಯನ್ನು ಸವೆಸುತ್ತದೆ, ಸೋಪಿನ ಪುಡಿ ಅದಕ್ಕೆ ಆಗಿಬರುವುದಿಲ್ಲ. ದಿನಾ ಒಗೆಯಬೇಕಾದ ಬಟ್ಟೆಗೆ ಅಷ್ಟು ನಾಜೂಕು ಯಾಕೆ? ರಾಮನಗರದ ಗೂಡು ಸೀರೆಗೇ ಹೋಗಲಿ.

ನುಣುಪೂ ಬೇಕು, ಮೈಯೂ ತಣ್ಣಗಿರಬೇಕು ಎನ್ನುವವರಿಗೆ ನಾನು ಕೊಡುವುದು ಮೋಡಲ್. 'ಅಯ್ಯೋ, ಮರದ ನೂಲಾ?' ಎಂದು ಮೂಗು ಮುರಿದರೆ ತುಂಗಭದ್ರೆಯ ಆಚೆ ದಡಕ್ಕೆ ಕೈ ತೋರಿಸುತ್ತೇನೆ. ಹರಿಹರದೆದುರಿನ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ತಯಾರಾಗುತ್ತದೆ. ಮೋಡಲ್ ಅದರ ತಂಗಿ. ವಿಸ್ಕೋಸ್ ನೆನೆದರೆ ಬಲ ಕಳೆದುಕೊಳ್ಳುತ್ತದೆ. ತಂಗಿ ಅಷ್ಟು ಸೋಲುವವಳಲ್ಲ. ಹತ್ತಿಗಿಂತ ಹೆಚ್ಚು ತೇವ ಹೀರುತ್ತಾಳೆ, ಹತ್ತಾರು ಸಲ ಒಗೆದರೂ ಮೆತ್ತಗೇ ಇರುತ್ತಾಳೆ. ಹತ್ತಿಯ ಬನಿಯನ್ ಬಟ್ಟೆ ಒಗೆದೊಗೆದು ದಡ್ಡುಗಟ್ಟುವುದು ನಮಗೆಲ್ಲ ಗೊತ್ತಿದ್ದದ್ದೇ.

ಎಲ್ಲರೂ ಬೈಯುವ ನೈಲಾನಿನ ಪರವಾಗಿ ಒಂದು ಮಾತು. ಪಾಲಿಯೆಸ್ಟರಿಗೆ ಹೋಲಿಸಿದರೆ ಅದು ಸುಮಾರು ಹತ್ತು ಪಟ್ಟು ತೇವ ಹಿಡಿಯುತ್ತದೆ, ಚೂಡಿದಾರದಡಿ ಗೆರೆ ಕಾಣಿಸದು. ಮಳೆಗಾಲದಲ್ಲಿ ಹಾಸ್ಟೆಲ್ ರೂಮಿನೊಳಗೇ ಬಟ್ಟೆ ಒಣಗಿಸುವ ಹುಡುಗಿಗೆ ಹಸಿ ಹತ್ತಿ ತೊಡುವುದಕ್ಕಿಂತ ಒಣಗಿದ ನೈಲಾನೇ ವಾಸಿ.

ನನ್ನ ತಕರಾರು ಕಂಪನಿಗಳ ಮೇಲೆ. ಡಬ್ಬಿಯ ಮೇಲೆ 'ಸಿಲ್ಕಿ ಸ್ಯಾಟಿನ್' ಅಂಗೈಯಗಲ. ನೂಲು ಯಾವುದು, ಶೇಕಡಾ ಎಷ್ಟು ಎಂಬುದು ಒಳಗಿನ ಚೀಟಿಯಲ್ಲಿ, ಇರುವೆ ಸಾಲಿನ ಇಂಗ್ಲಿಷಿನಲ್ಲಿ. ಆ ಚೀಟಿ ಚುಚ್ಚುತ್ತದೆಂದು ಮನೆಗೆ ಹೋದೊಡನೆ ಕತ್ತರಿಸಿ ಬಿಸಾಡುತ್ತಾರೆ. ಕರ್ನಾಟಕದಲ್ಲಿ ಮಾರುವ ಡಬ್ಬಿಯ ಮುಖದ ಮೇಲೇ ಅಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಿದರೆ ಅವರ ಗಂಟೇನೂ ಕರಗದು.

ಚಡ್ಡಿ ಕೊಳ್ಳುವಾಗ ಇನ್ನೊಂದು. ಅಂಗಡಿಯಲ್ಲೇ ಒಳಮೈ ತಿರುವಿ, ಕೆಳಗಿನ ಜೋಡುಪಟ್ಟಿ ಹತ್ತಿಯದೇ ನೋಡಿ. ಹೊರಗೆ ಎಂಥ ಲೇಸ್ ಇದ್ದರೂ ಅಲ್ಲಿ ಹತ್ತಿ ಇಲ್ಲದಿದ್ದರೆ ವಾಪಸ್ ಇಡಿ. ಮಡಿಕೆ ಕೆಟ್ಟಿತೆಂದು ನಾನಂತೂ ಗೊಣಗುವುದಿಲ್ಲ.