ಪೌರತ್ವವೂ ಮಾರಾಟದ ಸರಕೇ?

ಮಾಲೂರು ತಾಲ್ಲೂಕಿನಲ್ಲಿ ನನ್ನ ದೊಡ್ಡಪ್ಪನ ಮಗನಿಗೆ ನಾಲ್ಕು ಎಕರೆ ಹೊಲವಿತ್ತು. ಮಳೆ ಚೆನ್ನಾಗಿ ಬಂದ ವರ್ಷ ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ. ಮಳೆ ಕೈಕೊಟ್ಟ ವರ್ಷ ಹುರುಳಿ. ಬೆಂಗಳೂರು ಬೆಳೆಯುತ್ತ ಹೊಸಕೋಟೆಯನ್ನು ದಾಟಿ ಬಂದಿತು, ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ತಾಲ್ಲೂಕನ್ನು ಸೀಳಿಕೊಂಡು ಹೋಯಿತು. ಆ ಹೊಲಕ್ಕೆ ಅವನ ತಂದೆ ಕನಸಿನಲ್ಲೂ ಕಾಣದ ಬೆಲೆ ಬಂದಿತು. ಮಾರಿದ. ಬಂದ ಹಣದಲ್ಲಿ ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಾನೆಂದು ನಾವೆಲ್ಲ ಎಣಿಸಿದ್ದೆವು. ಆದರೆ ಅವನ ಎಣಿಕೆಯೇ ಬೇರೆ ಇತ್ತು. ‘ಹುಡುಗ ಇನ್ನೆಷ್ಟು ವರ್ಷ ಸಾಲಿನಲ್ಲಿ ನಿಲ್ಲೋದಪ್ಪಾ? ದುಡ್ಡಿದ್ದೋರಿಗೆ ಅಲ್ಲಿ ಬೇರೆ ಬಾಗಿಲಿದೆಯಂತೆ’ ಎಂದ. ಅಮೆರಿಕದಲ್ಲಿ ಎಂಜಿನಿಯರ್ ಆಗಿರುವ ಮಗನಿಗೆ ಗ್ರೀನ್ ಕಾರ್ಡ್ ಕೊಳ್ಳುವುದು ಅವನ ಯೋಜನೆಯಾಗಿತ್ತು.

ಅವನು ಹೇಳಿದ ಸಾಲು ಸಣ್ಣದಲ್ಲ. ಉದ್ಯೋಗದ ಆಧಾರದಲ್ಲಿ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್‌ಗಳು ಸುಮಾರು 1.4 ಲಕ್ಷ. ಇದರಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲ. ಹೀಗಾಗಿ ಐಸ್‌ಲ್ಯಾಂಡಿಗೂ ಭಾರತಕ್ಕೂ ಒಂದೇ ಮಿತಿ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಸರ್ಕಾರಿ ಶಾಲೆಯಲ್ಲಿ ಓದಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ, ಎಚ್‌1ಬಿ ವೀಸಾದ ಮೇಲೆ ಹೋದ ಹುಡುಗರು ದಶಕಗಟ್ಟಲೆ ಕಾಯುವುದು ಈ ಕಾರಣದಿಂದ. ಅವನು ಹೇಳಿದ ‘ಬೇರೆ ಬಾಗಿಲು’ 1990ರಲ್ಲಿ ತೆರೆದ ಇಬಿ-5 ಯೋಜನೆ. 2022ರ ಕಾನೂನಿನಂತೆ ಗ್ರಾಮೀಣ ಅಥವಾ ನಿರುದ್ಯೋಗ ಹೆಚ್ಚಿರುವ ಪ್ರದೇಶದಲ್ಲಿ 8 ಲಕ್ಷ ಡಾಲರ್, ಉಳಿದೆಡೆ 10.5 ಲಕ್ಷ ಡಾಲರ್ ಹೂಡಿ, ಕನಿಷ್ಠ 10 ಜನರಿಗೆ ಉದ್ಯೋಗ ಸೃಷ್ಟಿಸಿದರೆ ಕುಟುಂಬಕ್ಕೆ ಗ್ರೀನ್ ಕಾರ್ಡ್. ನಮ್ಮ ರಿಸರ್ವ್ ಬ್ಯಾಂಕ್ ಒಬ್ಬ ವ್ಯಕ್ತಿಗೆ ವರ್ಷಕ್ಕೆ 2.5 ಲಕ್ಷ ಡಾಲರ್ ಮಾತ್ರ ಹೊರಗೆ ಕಳುಹಿಸಲು ಬಿಡುವುದರಿಂದ ತಂದೆ, ತಾಯಿ, ಮಕ್ಕಳೆಲ್ಲರ ಹೆಸರಿನಲ್ಲಿ ಹಣವನ್ನು ಹಂಚಿ ಕಳುಹಿಸುವ ಲೆಕ್ಕಾಚಾರ ನಡೆಯುತ್ತದೆ. ಹುರುಳಿ ಬೆಳೆದ ಹೊಲ ಹೀಗೆ ಅಮೆರಿಕದ ವಾಸದ ಹಕ್ಕಾಗಿ ರೂಪಾಂತರ ಹೊಂದುತ್ತದೆ.

ಇದು ಒಂದು ಮನೆಯ ಕಥೆಯಷ್ಟೇ ಅಲ್ಲ. ಸೇಂಟ್ ಕಿಟ್ಸ್ ಮತ್ತು ನೆವಿಸ್ ಎಂಬ ಪುಟ್ಟ ದ್ವೀಪರಾಷ್ಟ್ರ 1984ರಲ್ಲಿಯೇ ಹಣಕ್ಕೆ ಪೌರತ್ವ ಕೊಡುವ ಕಾನೂನು ಮಾಡಿತು. ಡೊಮಿನಿಕಾ, ಆಂಟಿಗುವಾ, ವನುವಾಟುಗಳು ಅದೇ ಹಾದಿ ಹಿಡಿದವು. ಐರೋಪ್ಯ ಒಕ್ಕೂಟದ ಸದಸ್ಯ ರಾಷ್ಟ್ರ ಮಾಲ್ಟಾ 2014ರಲ್ಲಿ ಅಂಗಡಿ ತೆರೆಯಿತು. ನಂತರದ ನಿಯಮಗಳಲ್ಲಿ ಮೂರು ವರ್ಷ ಕಾಯುವವರಿಗೆ 6 ಲಕ್ಷ ಯೂರೊ, ಒಂದೇ ವರ್ಷದಲ್ಲಿ ಬೇಕೆನ್ನುವವರಿಗೆ 7.5 ಲಕ್ಷ ಯೂರೊ ಎಂದು ನಿಗದಿ ಮಾಡಿತು. ಅವಸರಕ್ಕೂ ಒಂದು ದರ! ಆದರೆ ಗಾಳಿ ಬದಲಾದದ್ದನ್ನೂ ಗಮನಿಸಬೇಕು. ಕೆನಡಾ ತನ್ನ ಹೂಡಿಕೆದಾರರ ಯೋಜನೆಯನ್ನು 2014ರಲ್ಲಿ, ಸೈಪ್ರಸ್ 2020ರಲ್ಲಿ, ಬ್ರಿಟನ್ 2022ರಲ್ಲಿ ಮುಚ್ಚಿದವು. ಮನೆ ಬಾಡಿಗೆ ಜನಸಾಮಾನ್ಯರ ಕೈಮೀರಿದಾಗ ಪೋರ್ಚುಗಲ್ 2023ರಲ್ಲಿ ಆಸ್ತಿ ಕೊಂಡು ವಾಸದ ಹಕ್ಕು ಪಡೆಯುವುದನ್ನು ನಿಲ್ಲಿಸಿತು. 2025ರ ಏಪ್ರಿಲ್‌ನಲ್ಲಿ ಸ್ಪೇನ್ ‘ಗೋಲ್ಡನ್ ವೀಸಾ’ವನ್ನೇ ರದ್ದುಗೊಳಿಸಿತು. ಅದೇ ತಿಂಗಳ 29ರಂದು ಐರೋಪ್ಯ ನ್ಯಾಯಾಲಯವು ಮಾಲ್ಟಾದ ವಿರುದ್ಧ ತೀರ್ಪು ನೀಡಿ, ಪೌರತ್ವವು ದೇಶ ಮತ್ತು ಪ್ರಜೆಯ ನಡುವಿನ ನಿಷ್ಠೆ ಹಾಗೂ ಪರಸ್ಪರ ಹೊಣೆಯ ಸಂಬಂಧವೇ ಹೊರತು ವಾಣಿಜ್ಯ ವಹಿವಾಟಲ್ಲ ಎಂಬ ನಿಲುವನ್ನು ತಳೆಯಿತು.

ಯುರೋಪು ಬಾಗಿಲು ಮುಚ್ಚಿದ ವರ್ಷವೇ ಅಮೆರಿಕ ಇನ್ನಷ್ಟು ಅಗಲವಾಗಿ ತೆರೆಯಿತು. ಅಧ್ಯಕ್ಷ ಟ್ರಂಪ್ 2025ರ ಸೆಪ್ಟೆಂಬರ್ 19ರಂದು ಹೊರಡಿಸಿದ ಆದೇಶದಂತೆ 10 ಲಕ್ಷ ಡಾಲರ್ ಕಾಣಿಕೆ ಕೊಟ್ಟವರು ‘ಗೋಲ್ಡ್ ಕಾರ್ಡ್’ಗೆ ಅರ್ಹರು. ಇಬಿ-5ರಲ್ಲಿ ಹೂಡಿಕೆಯಾದರೂ ಇತ್ತು, ಉದ್ಯೋಗ ಸೃಷ್ಟಿಯ ಷರತ್ತಾದರೂ ಇತ್ತು. ಇದು ಹಿಂದಿರುಗಿ ಬಾರದ ಕಾಣಿಕೆ. ಅದಕ್ಕಿಂತ ಮುಖ್ಯವಾದದ್ದು, ಈ ಕಾರ್ಡಿಗಾಗಿ ಹೊಸ ವೀಸಾಗಳೇನೂ ಸೃಷ್ಟಿಯಾಗಿಲ್ಲ. ಅಸಾಧಾರಣ ಪ್ರತಿಭೆ ಮತ್ತು ಉನ್ನತ ವಿದ್ಯಾರ್ಹತೆಯವರಿಗಾಗಿ ಇರುವ ಇಬಿ-1, ಇಬಿ-2 ವರ್ಗಗಳಲ್ಲಿಯೇ ಕಾಣಿಕೆಯನ್ನು ಅರ್ಹತೆಯ ಸಾಕ್ಷ್ಯವೆಂದು ಪರಿಗಣಿಸಬೇಕೆಂದು ಆದೇಶ ಹೇಳುತ್ತದೆ. ಎಂದರೆ ನಮ್ಮ ಹುಡುಗರು ವರ್ಷಗಳಿಂದ ನಿಂತಿರುವ ಅದೇ ಸಾಲಿನೊಳಗೆ ಹಣದ ಚೀಲದವನಿಗೂ ಜಾಗ. ಅದೇ ದಿನ ಹೊರಬಿದ್ದ ಇನ್ನೊಂದು ಘೋಷಣೆ ಹೊಸ ಎಚ್‌1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ವಿಧಿಸಿತು. ಎರಡನ್ನೂ ಒಟ್ಟಿಗೆ ಓದಿದರೆ ಸಂದೇಶ ಸ್ಪಷ್ಟವಾಗುತ್ತದೆ: ದುಡಿಯಲು ಬರುವವನಿಗೆ ಹೊಸ್ತಿಲು ಎತ್ತರವಾಗಿದೆ, ಕೊಡಲು ಬರುವವನಿಗೆ ತೋರಣ ಕಟ್ಟಲಾಗಿದೆ.

ಮಾರಾಟವನ್ನು ಸಮರ್ಥಿಸುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೇಂಟ್ ಕಿಟ್ಸ್‌ನ ಸಕ್ಕರೆ ಉದ್ಯಮ 2005ರಲ್ಲಿ ಮುಚ್ಚಿತು. 2017ರ ಚಂಡಮಾರುತದಲ್ಲಿ ನುಚ್ಚುನೂರಾದ ಡೊಮಿನಿಕಾ ಮತ್ತೆ ಮನೆ ಕಟ್ಟಿಕೊಂಡದ್ದರಲ್ಲಿ ಪಾಸ್‌ಪೋರ್ಟ್ ಹಣದ ಪಾಲಿದೆ. ಮಾರಲು ಬೇರೇನೂ ಇಲ್ಲದ ಬಡ ದ್ವೀಪಕ್ಕೆ ಶ್ರೀಮಂತ ರಾಷ್ಟ್ರಗಳು ನೀತಿಪಾಠ ಹೇಳುವುದು ಸುಲಭ. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಇನ್ನೂ ಮುಂದೆ ಹೋಗಿ, ವಲಸೆಯ ಹಕ್ಕನ್ನು ಎಲ್ಲರಿಗೂ ಒಂದೇ ದರದಲ್ಲಿ ಮಾರಿ, ಹಣವಿಲ್ಲದವರಿಗೆ ಸಾಲ ಕೊಡಿ ಎಂದಿದ್ದರು. ಕಳ್ಳಸಾಗಣೆದಾರನ ಜೇಬಿಗೆ ಹೋಗುವ ಹಣ ಸರ್ಕಾರದ ಬೊಕ್ಕಸಕ್ಕೆ ಬರಲಿ ಎಂಬುದು ಅವರ ತರ್ಕ. ಮೇಲಾಗಿ, ಹುಟ್ಟಿನಿಂದ ದೊರೆಯುವ ಪೌರತ್ವವಾದರೂ ಯಾರ ಪರಿಶ್ರಮದ ಫಲ? ಅದೂ ಅದೃಷ್ಟವೇ ತಾನೇ?

ಈ ಪ್ರಶ್ನೆಗೆ ಉತ್ತರವನ್ನು ನಾನು ಹುಡುಕುವುದು ನಮ್ಮ ಜಿಲ್ಲೆಯ ಮಣ್ಣಿನಲ್ಲಿ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ ಗೇಣಿದಾರರು ನಮೂನೆ 7ನ್ನು ಹಿಡಿದು ಭೂನ್ಯಾಯ ಮಂಡಳಿಗಳ ಮುಂದೆ ನಿಂತರು. ಮಂಡಳಿ ಅವರನ್ನು ಕೇಳಿದ ಮುಖ್ಯ ಪ್ರಶ್ನೆ ‘ನಿನ್ನ ಬಳಿ ಹಣವೆಷ್ಟು’ ಎಂದಲ್ಲ, ‘ಈ ಹೊಲವನ್ನು ಉತ್ತವರು ಯಾರು’ ಎಂದು. ಉಳುವವನೇ ಹೊಲದೊಡೆಯ ಎಂಬ ಘೋಷಣೆಯ ಅರ್ಥ ಇದೇ: ಬೆವರು ಸುರಿಸಿದ ಕಾಲವೇ ಹಕ್ಕಿನ ಮೂಲ. ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರು, ನಿಗದಿತ ಮಿತಿಗಿಂತ ಹೆಚ್ಚು ಕೃಷಿಯೇತರ ಆದಾಯವುಳ್ಳವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದವು. ಆದಾಯದ ಮಿತಿಯನ್ನು 2015ರಲ್ಲಿ 2 ಲಕ್ಷದಿಂದ 25 ಲಕ್ಷ ರೂಪಾಯಿಗೆ ಏರಿಸಲಾಯಿತು. 2020ರಲ್ಲಿ ಎರಡೂ ಕಲಮುಗಳನ್ನು ತೆಗೆದುಹಾಕಲಾಯಿತು. ನನ್ನ ಅಣ್ಣನ ಹೊಲ ಬೆಂಗಳೂರಿನವರ ಪಾಲಾದದ್ದು ಆ ನಂತರ.

ಹಳೆಯ ಕಾನೂನು ನಿಷ್ಕಳಂಕವಾಗಿತ್ತೆಂದು ನಾನು ವಾದಿಸುವುದಿಲ್ಲ. ಸುಳ್ಳು ಕೃಷಿಕ ಪ್ರಮಾಣಪತ್ರಗಳೂ ಕಚೇರಿಗಳ ಲಂಚವೂ ಎಲ್ಲರಿಗೂ ಗೊತ್ತಿದ್ದ ಸಂಗತಿಗಳೇ. ಸಾವಿರದಿನ್ನೂರು ಅಡಿ ಕೊರೆದರೂ ನೀರು ಕಾಣದ ರೈತನಿಗೆ ಒಳ್ಳೆಯ ಬೆಲೆಗೆ ಮಾರುವ ಸ್ವಾತಂತ್ರ್ಯವನ್ನು ನಿರಾಕರಿಸುವ ನೈತಿಕ ಅಧಿಕಾರ ಬೆಂಗಳೂರಿನಲ್ಲಿ ಕುಳಿತು ಬರೆಯುವ ನನಗಿಲ್ಲ. ಆದರೆ ಭೂಮಿಗೂ ಪೌರತ್ವಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಣ್ಣ ಮಾರಿದ್ದು ತನ್ನ ಹೊಲವನ್ನು. ಲಾಭವೂ ಅವನದೇ, ನಷ್ಟವೂ ಅವನದೇ. ಪೌರತ್ವವನ್ನು ಮಾರುವ ಸರ್ಕಾರ ಮಾರುತ್ತಿರುವುದು ಯಾರದನ್ನು? ಅದು ಆ ದೇಶದ ಎಲ್ಲ ಜನರು, ಇನ್ನೂ ಹುಟ್ಟದವರೂ ಸೇರಿದಂತೆ, ಜಂಟಿಯಾಗಿ ಹೊಂದಿರುವ ಸ್ವತ್ತು. ಪೌರತ್ವವೆಂದರೆ ಮತದ ಹಕ್ಕು, ಕಾನೂನಿಗೆ ತಲೆಬಾಗುವ ಹೊಣೆ, ನೆರೆಹೊರೆಯವನ ಕಷ್ಟಸುಖದಲ್ಲಿ ಪಾಲು. ಕೊಳ್ಳುವವನಿಗೆ ಇವುಗಳಲ್ಲಿ ಬೇಕಾದದ್ದು ಬಹಳ ಸಲ ಪಾಸ್‌ಪೋರ್ಟ್ ಮಾತ್ರ.

ಹಾಗೆ ಕೊಂಡದ್ದರ ಬಳಕೆ ಹೇಗಾಗಬಹುದೆಂಬುದಕ್ಕೆ ಭಾರತೀಯರು ದೂರ ಹೋಗಬೇಕಿಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕ್ ವಂಚನೆ ಪ್ರಕರಣದ ಆರೋಪಿ ಮೆಹುಲ್ ಚೋಕ್ಸಿ 2017ರಲ್ಲಿಯೇ ಆಂಟಿಗುವಾದ ಪೌರತ್ವ ಪಡೆದಿದ್ದರು. ಹಗರಣ ಬಯಲಾದದ್ದು 2018ರ ಆರಂಭದಲ್ಲಿ. ಲಲಿತ್ ಮೋದಿ ಅವರಿಗೆ ನೀಡಿದ್ದ ಪಾಸ್‌ಪೋರ್ಟನ್ನು ರದ್ದುಪಡಿಸುವಂತೆ ವನುವಾಟು ಪ್ರಧಾನಿ 2025ರ ಮಾರ್ಚ್‌ನಲ್ಲಿ ಸೂಚಿಸಬೇಕಾಯಿತು. ಕೊಳ್ಳುವವರೆಲ್ಲ ಕಳ್ಳರಲ್ಲ, ನನ್ನ ಅಣ್ಣನಂತೂ ಖಂಡಿತ ಅಲ್ಲ. ಆದರೆ ಹಣವೊಂದೇ ಅರ್ಹತೆಯಾದ ಕಡೆ ಹಣದ ಮೂಲವನ್ನು ಕೆದಕುವ ಉತ್ಸಾಹ ಮಾರುವವನಿಗೆ ಇರುವುದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬಾಗಿಲ ಹೊರಗೆ ಉಳಿದವರದು. ಕೊಲ್ಲಿ ರಾಷ್ಟ್ರದಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಕರಾವಳಿಯ ಬಡಗಿ ಕೆಲಸ ಮುಗಿದೊಡನೆ ಗಂಟುಮೂಟೆ ಕಟ್ಟಬೇಕು. 20 ಲಕ್ಷ ದಿರ್ಹಮ್‌ಗಳ ಆಸ್ತಿ ಕೊಂಡವನಿಗೆ ದುಬೈನಲ್ಲಿ 10 ವರ್ಷದ ಗೋಲ್ಡನ್ ವೀಸಾ. ನಮ್ಮಲ್ಲೇನು ಬೇರೆ ಕಥೆಯೇ? ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಉತ್ತರದ ರಾಜ್ಯಗಳಿಂದ ಬಂದ ಕುಟುಂಬಗಳು ವರ್ಷಗಟ್ಟಲೆ ದುಡಿಯುತ್ತವೆ. ಅವರು ಈ ದೇಶದ ಪೂರ್ಣ ಪ್ರಜೆಗಳು. ಆದರೂ ಊರಿನ ಮತದಾರರ ಪಟ್ಟಿಯಲ್ಲಿ ಹೆಸರು, ಮಗುವಿಗೆ ಶಾಲೆಯಲ್ಲಿ ಜಾಗ ಸಿಗುವುದು ಕಷ್ಟ. ಪಕ್ಕದಲ್ಲೇ ತೋಟದ ಮನೆ ಕೊಂಡು ವಾರಾಂತ್ಯಕ್ಕೆ ಬರುವವರು ಆ ಊರಿನವರೇ ಆಗಿಬಿಡುತ್ತಾರೆ. ಹಣ ಬೇಗ ಬೇರುಬಿಡುತ್ತದೆ, ದುಡಿಮೆಗೆ ಆ ಭಾಗ್ಯವಿಲ್ಲ. ಪೌರತ್ವದ ಮಾರಾಟ ಈ ಅನ್ಯಾಯಕ್ಕೆ ಕಾನೂನಿನ ಮುದ್ರೆ ಒತ್ತುತ್ತದೆ. ಹುಟ್ಟಿನ ಅದೃಷ್ಟ ಅನ್ಯಾಯವೆನ್ನುವುದಾದರೆ ಅದಕ್ಕೆ ಮದ್ದು ದುಡಿದವನಿಗೆ ದಾರಿ ತೆರೆಯುವುದೇ ಹೊರತು, ಒಂದು ಅದೃಷ್ಟದ ಮೇಲೆ ಇನ್ನೊಂದನ್ನು ಹೇರುವುದಲ್ಲ.

ಹಾಗಾದರೆ ಬಂಡವಾಳದೊಡನೆ ಬರುವ ವಿದೇಶೀಯರಿಗೆ ಬಾಗಿಲು ಮುಚ್ಚಬೇಕೆ? ಬೇಡ. ಭಾರತವೇ 2016ರ ಆಗಸ್ಟ್‌ನಲ್ಲಿ ಒಪ್ಪಿದ ಯೋಜನೆ ಇಲ್ಲಿ ಗಮನಾರ್ಹ. 18 ತಿಂಗಳಲ್ಲಿ 10 ಕೋಟಿ ಅಥವಾ 36 ತಿಂಗಳಲ್ಲಿ 25 ಕೋಟಿ ರೂಪಾಯಿ ಹೂಡಿ, ಪ್ರತಿ ವರ್ಷ ಕನಿಷ್ಠ 20 ಭಾರತೀಯರಿಗೆ ಉದ್ಯೋಗ ಕೊಡುವ ವಿದೇಶೀಯನಿಗೆ 10 ವರ್ಷ ವಾಸದ ಹಕ್ಕು, ಪೌರತ್ವವಲ್ಲ. ಪೌರತ್ವ ಬೇಕೆಂದರೆ 1955ರ ಕಾಯ್ದೆಯಂತೆ ಒಟ್ಟು 12 ವರ್ಷ ಇಲ್ಲಿ ಬಾಳಿ ತೋರಿಸಬೇಕು. ಈ ಭೇದ ನನಗೆ ಸರಿಯೆನಿಸುತ್ತದೆ. ವಾಸದ ಹಕ್ಕನ್ನು ನಿಜವಾದ ಹೂಡಿಕೆ, ಶುದ್ಧ ಹಣ, ಸ್ಥಳೀಯರಿಗೆ ಉದ್ಯೋಗ ಎಂಬ ಷರತ್ತುಗಳೊಡನೆ ಕೊಡಬಹುದು, ಅದು ಕರಾರು. ಪೌರತ್ವ ಮಾತ್ರ ಬಾಳಿದ ವರ್ಷಗಳಿಂದ ಬರಬೇಕು, ಅದೂ ಹೂಡಿಕೆದಾರನಿಗೂ ಇಟ್ಟಿಗೆ ಹೊರುವವನಿಗೂ ಒಂದೇ ಅಳತೆಯಲ್ಲಿ.

2022ರಲ್ಲಿ 2.25 ಲಕ್ಷ, 2023ರಲ್ಲಿ 2.16 ಲಕ್ಷ, 2024ರಲ್ಲಿ 2.06 ಲಕ್ಷ ಭಾರತೀಯರು ತಮ್ಮ ಪೌರತ್ವವನ್ನು ತ್ಯಜಿಸಿದರು. ಅವರಲ್ಲಿ ಬಹುಮಂದಿ ದುಡಿದು, ಕಾದು, ಬೇರೊಂದು ದೇಶದವರಾದವರು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಸಂವಿಧಾನದ 9ನೇ ವಿಧಿಯಂತೆ ಸ್ವಇಚ್ಛೆಯಿಂದ ಪರದೇಶದ ಪೌರನಾದವನು ಭಾರತದ ಪೌರನಾಗಿ ಉಳಿಯುವಂತಿಲ್ಲ. ಅಣ್ಣನ ಮಗನೂ ಮುಂದೊಂದು ದಿನ ಅಮೆರಿಕದ ಪೌರನಾದರೆ ಅವನಿಗೆ ಸಿಗುವುದು ಸಾಗರೋತ್ತರ ಭಾರತೀಯನ ಕಾರ್ಡು. ಆ ಕಾರ್ಡು ಹೊಂದಿದವನು ಇಲ್ಲಿ ಮನೆ ಕೊಳ್ಳಬಹುದು, ಕೃಷಿ ಭೂಮಿ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಮಾತ್ರ ಉಳಿಸಿಕೊಳ್ಳಬಹುದು.

ಹೋದ ತಿಂಗಳು ಇದನ್ನು ಅಣ್ಣನಿಗೆ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದ. ‘ಅವನಿಗೆ ಬಿಡೋಕೆ ಈಗ ಹೊಲ ಎಲ್ಲಿದೆ?’ ಎಂದ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.