ಬಿಲದ ಮೊಲ, ಬೇಟೆನಾಯಿ ಮತ್ತು ನಮ್ಮ ಹೊಣೆ

ಬೇಟೆಯ ವಿಷಯ ಬಂದಾಗ ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಬೇಟೆಯೆಂದರೆ ಕ್ರೌರ್ಯವೇ ಹೊರತು ಬೇರೇನೂ ಅಲ್ಲ ಎಂಬುದು ಒಂದು. ಧರ್ಮವು ಅನುಮತಿ ನೀಡಿರುವಾಗ ಹೆಚ್ಚು ವಿಚಾರಿಸುವ ಅಗತ್ಯವೇನಿದೆ ಎಂಬುದು ಇನ್ನೊಂದು. ಇವೆರಡೂ ಅವಸರದ ತೀರ್ಪುಗಳೆಂದು ನಾವು ಭಾವಿಸುತ್ತೇವೆ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಫೆರೆಟ್ ಮತ್ತು ಲರ್ಚರ್ ನಾಯಿಗಳಿಂದ ನಡೆಯುವ ಮೊಲದ ಬೇಟೆಯ ದೃಶ್ಯಗಳು ಇಂದು ಮೊಬೈಲಿನ ಮೂಲಕ ನಮ್ಮ ಮಕ್ಕಳ ಕಣ್ಣಿಗೂ ಬೀಳುತ್ತಿವೆ. ಇಂತಹ ಬೇಟೆ ಹಲಾಲ್ ಆಗುವುದೇ ಎಂಬ ಪ್ರಶ್ನೆಗೆ ಉತ್ತರಿಸುವ ಮುನ್ನ ಅದರ ಕ್ರಮವನ್ನು ಅರಿಯಬೇಕು.

ಫೆರೆಟ್ ಎಂಬುದು ನೋಡಲು ನಮ್ಮ ಮುಂಗುಸಿಯನ್ನು ನೆನಪಿಸುವ, ಆದರೆ ಬೇರೆ ಕುಲಕ್ಕೆ ಸೇರಿದ ಸಣ್ಣ ಸಾಕುಪ್ರಾಣಿ. ಉದ್ದನೆಯ ತೆಳು ಶರೀರದಿಂದಾಗಿ ಅದು ಮೊಲದ ಬಿಲದೊಳಗೆ ಸಲೀಸಾಗಿ ನುಸುಳುತ್ತದೆ. ಲರ್ಚರ್ ಎಂಬುದು ಗ್ರೇಹೌಂಡ್‌ನಂತಹ ಓಟದ ನಾಯಿಗೆ ಕುರಿಕಾಯುವ ನಾಯಿ ಅಥವಾ ಟೆರಿಯರ್ ತಳಿಯನ್ನು ಬೆರೆಸಿ ಪಡೆದ ಮಿಶ್ರತಳಿ. ವೇಗ ಒಂದು ಕಡೆಯಿಂದ, ವಿಧೇಯತೆ ಮತ್ತೊಂದು ಕಡೆಯಿಂದ ಬರಲಿ ಎಂಬುದು ಇದರ ಉದ್ದೇಶ. ಚಳಿಗಾಲದಲ್ಲಿ ಪೊದೆಗಳು ಬಾಡಿದ ಮೇಲೆ ಬೇಟೆಗಾರರು ಹೊಲದಂಚಿಗೆ ಹೋಗುತ್ತಾರೆ. ಯಾವ ಬಿಲದಲ್ಲಿ ಮೊಲವಿದೆ ಎಂಬುದನ್ನು ನಾಯಿ ಮೂಸಿ ತಿಳಿಸುತ್ತದೆ. ಪ್ರತಿಯೊಂದು ಬಾಯಿಗೂ ಚೀಲದಂತೆ ಮುಚ್ಚಿಕೊಳ್ಳುವ ಬಲೆಯನ್ನು ಹಾಸಿ, ಗೂಟ ಬಡಿದು, ಫೆರೆಟನ್ನು ಒಳಗೆ ಬಿಡುತ್ತಾರೆ. ಬೆದರಿದ ಮೊಲ ಹೊರಕ್ಕೆ ಹಾರಿ ಬಲೆಗೆ ಬೀಳುತ್ತದೆ. ಬಲೆ ತಪ್ಪಿಸಿಕೊಂಡದ್ದನ್ನು ನಾಯಿ ಅಟ್ಟಿ ಹಿಡಿಯುತ್ತದೆ.

ಇದು ಹೊಸ ಪದ್ಧತಿಯೇನೂ ಅಲ್ಲ. ರೋಮನ್ನರ ಕಾಲದ ಸ್ಟ್ರಾಬೊ ಮತ್ತು ಪ್ಲಿನಿಯ ಗ್ರಂಥಗಳಲ್ಲಿಯೇ ಇಂತಹ ಪ್ರಾಣಿಯನ್ನು ಬಿಲಕ್ಕೆ ಬಿಟ್ಟು ಮೊಲವನ್ನು ಹೊರಗಟ್ಟುವ ಉಲ್ಲೇಖವಿದೆ. ಬ್ರಿಟನ್ನಿನ ರೈತನಿಗೆ ಮೊಲವು ಬೆಳೆಯನ್ನು ಮೇಯುವ ಪೀಡೆ. ಅಲ್ಲಿನ 1954ರ ಪೀಡೆ ನಿಯಂತ್ರಣ ಕಾಯ್ದೆಯು ಮೊಲಗಳ ನಿಯಂತ್ರಣವನ್ನು ಜಮೀನು ಅನುಭವಿಸುವವರ ಹೊಣೆಯಾಗಿಸಿತು. ಅದೇ ಕಾಯ್ದೆ ಇನ್ನೊಂದು ಗೆರೆಯನ್ನೂ ಎಳೆಯಿತು. 1953ರಲ್ಲಿ ಬ್ರಿಟನ್ನಿಗೆ ಕಾಲಿಟ್ಟ ಮಿಕ್ಸೊಮಟೋಸಿಸ್ ಎಂಬ ರೋಗ ಕೆಲವೇ ವರ್ಷಗಳಲ್ಲಿ ಅಲ್ಲಿನ ಬಹುಪಾಲು ಮೊಲಗಳನ್ನು ಕೊಂದಿತ್ತು. ಕಣ್ಣು ಊದಿ, ಕುರುಡಾಗಿ, ದಿನಗಟ್ಟಲೆ ನರಳಿ ಸಾಯುವ ರೋಗವದು. ಸೋಂಕು ತಗಲಿದ ಮೊಲವನ್ನು ಬಳಸಿ ಬೇಕೆಂದೇ ಅದನ್ನು ಹರಡುವುದು ಅಪರಾಧವಾಯಿತು. ಕೊಲ್ಲಲೇಬೇಕಾದ ಪೀಡೆಯ ವಿಷಯದಲ್ಲಿಯೂ ಎಲ್ಲ ಮಾರ್ಗಗಳೂ ಸಮ್ಮತವಲ್ಲ ಎಂಬ ಈ ಅರಿವು ನಮಗೆ ಅಪರಿಚಿತವಾದುದಲ್ಲ.

ಪವಿತ್ರ ಕುರ್‌ಆನ್ ಅಲ್‌ಮಾಇದಾ ಅಧ್ಯಾಯದ 4ನೇ ಸೂಕ್ತದಲ್ಲಿ ತರಬೇತಾದ ಪ್ರಾಣಿಗಳ ಮೂಲಕ ಬೇಟೆಯಾಡಲು ಅನುಮತಿ ನೀಡಿದೆ. ಆ ಅನುಮತಿ ಶರ್ತಗಳೊಂದಿಗೇ ಬಂದಿದೆ ಎಂಬುದನ್ನು ನಾವು ಮರೆಯಬಾರದು. ಪ್ರಾಣಿಗೆ ತರಬೇತಿ ಇರಬೇಕು. ಅದು ಹಿಡಿದದ್ದು ತನ್ನ ಒಡೆಯನಿಗಾಗಿ ಆಗಿರಬೇಕು. ಅಲ್ಲಾಹನ ನಾಮವನ್ನು ಉಚ್ಚರಿಸಿರಬೇಕು. ಅದಿಯ್ಯ್ ಬಿನ್ ಹಾತಿಮ್(ರ)ರಿಗೆ ಪ್ರವಾದಿವರ್ಯರು(ಸ) ನೀಡಿದ ಉತ್ತರ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ನಾಯಿಯು ಬೇಟೆಯನ್ನು ತಾನೇ ತಿಂದಿದ್ದರೆ ಅದು ತನಗಾಗಿ ಹಿಡಿದದ್ದು; ನಾವು ಬಿಡದ ಬೇರೆ ನಾಯಿ ಜೊತೆಗೂಡಿದ್ದರೆ ಯಾವುದು ಕೊಂದಿತೆಂಬ ಸಂಶಯ ಉಳಿಯುತ್ತದೆ. ಇವೆರಡನ್ನೂ ತಿನ್ನಬಾರದು.

ಮೊಲದ ಮಾಂಸ ಹಲಾಲ್ ಎಂಬುದರಲ್ಲಿ ನಾಲ್ಕು ಮದ್‌ಹಬ್‌ಗಳಿಗೂ ಭಿನ್ನಾಭಿಪ್ರಾಯವಿಲ್ಲ. ಮರ್ರುಝ್ಝಹ್ರಾನ್ ಎಂಬಲ್ಲಿ ಅನಸ್(ರ) ಬೆನ್ನಟ್ಟಿ ಹಿಡಿದ ಮೊಲವನ್ನು ಅಬೂತಲ್ಹಾ(ರ) ಝಬಹ್ ಮಾಡಿ ಅದರ ಒಂದು ಭಾಗವನ್ನು ಪ್ರವಾದಿವರ್ಯರಿಗೆ(ಸ) ಕಳುಹಿಸಿದ್ದನ್ನೂ, ಅವರು ಸ್ವೀಕರಿಸಿದ್ದನ್ನೂ ಹದೀಸ್ ಗ್ರಂಥಗಳು ವರದಿ ಮಾಡಿವೆ. ಆದರೆ ಇಂಗ್ಲೆಂಡಿನ ಬೇಟೆಯ ಕ್ರಮವನ್ನು ಇದರೊಂದಿಗೆ ಇಟ್ಟು ನೋಡಬೇಕು. ಬಲೆಗೆ ಬಿದ್ದ ಮೊಲ ಜೀವಂತವಾಗಿಯೇ ಮನುಷ್ಯನ ಕೈಸೇರುತ್ತದೆ. ಅಲ್ಲಿನ ರೂಢಿಯಂತೆ ಅದರ ಕತ್ತನ್ನು ಮುರಿದು ಕೊಲ್ಲುತ್ತಾರೆ. ಕ್ಷಣಾರ್ಧದಲ್ಲಿ ಪ್ರಾಣ ಹೋದರೂ ಅದು ಝಬಹ್ ಅಲ್ಲ. ಜೀವಂತ ಕೈಸೇರಿದ ಪ್ರಾಣಿಯನ್ನು ಹರಿತವಾದ ಚೂರಿಯಿಂದ, ಅಲ್ಲಾಹನ ನಾಮದಲ್ಲಿ ಝಬಹ್ ಮಾಡದೆ ನಮಗೆ ಬೇರೆ ದಾರಿಯಿಲ್ಲ. ಫೆರೆಟ್ ಬಿಲದೊಳಗೇ ಮೊಲವನ್ನು ಕೊಂದು ತಿಂದರೆ ಅದು ತನಗಾಗಿ ಹಿಡಿದದ್ದು. ನಾವು ನಾಮ ಹೇಳಿ ಬಿಟ್ಟ, ತರಬೇತಾದ ನಾಯಿಯ ಹಲ್ಲಿಗೆ ಗಾಯಗೊಂಡು ಸತ್ತ, ನಾಯಿ ತಿನ್ನದೆ ತಂದ ಮೊಲವನ್ನು ಮಾತ್ರ ವಿದ್ವಾಂಸರು ಅನುಮತಿಸಿದ್ದಾರೆ.

ಒಂದು ಸಂಗತಿ ನಮ್ಮ ಗಮನ ಸೆಳೆಯುತ್ತದೆ. ಫೆರೆಟ್ ಬಿಲದಲ್ಲಿ ಕೊಲ್ಲುವುದನ್ನು ಅಲ್ಲಿನ ಅನುಭವಿ ಬೇಟೆಗಾರರೂ ಇಷ್ಟಪಡುವುದಿಲ್ಲ. ಕೊಂದ ಫೆರೆಟ್ ಹೊರಬರದೆ ಅಲ್ಲಿಯೇ ಉಳಿದುಬಿಡುತ್ತದೆ. ಅದರ ಕೊರಳಿಗೆ ಕಟ್ಟಿದ ಸಂಕೇತ ಯಂತ್ರದ ಜಾಡು ಹಿಡಿದು, ಗುದ್ದಲಿಯಿಂದ ನೆಲ ಅಗೆದು ಅದನ್ನು ಹೊರತೆಗೆಯಬೇಕಾಗುತ್ತದೆ. ಬಿಟ್ಟ ಪ್ರಾಣಿಯನ್ನು ನೆಲದಡಿ ತೊರೆದು ಮನೆಗೆ ಹೋಗುವವನು ಬೇಟೆಗಾರನೆನಿಸುವುದಿಲ್ಲ. ನಾಯಿಯ ವಿಷಯವೂ ಹಾಗೆಯೇ. ಬೇಟೆಗೆ, ಮಂದೆಗೆ, ಹೊಲಕ್ಕೆ ನಾಯಿಯನ್ನು ಇಟ್ಟುಕೊಳ್ಳಲು ಪ್ರವಾದಿವರ್ಯರು(ಸ) ಅವಕಾಶ ನೀಡಿದ್ದಾರೆ. ಆ ಅವಕಾಶದೊಂದಿಗೆ ಅದರ ಅನ್ನ, ನೀರು, ಗಾಯದ ಆರೈಕೆ ಎಲ್ಲವೂ ನಮ್ಮ ಹೊಣೆಯಾಗುತ್ತವೆ. ಓಡುವ ಶಕ್ತಿ ಕುಂದಿದೊಡನೆ ನಾಯಿಯನ್ನು ಬೀದಿಗೆ ಬಿಡುವವನು ಆ ಅವಕಾಶವನ್ನು ದುರುಪಯೋಗಪಡಿಸಿಕೊಂಡವನು.

ಇನ್ನು ಉದ್ದೇಶದ ಪ್ರಶ್ನೆ. ಜೀವಿಯನ್ನು ಗುರಿಹಲಗೆಯಾಗಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಆಹಾರಕ್ಕಾಗಿ ಅಥವಾ ಬೆಳೆಯ ರಕ್ಷಣೆಗಾಗಿ ಕೊಲ್ಲುವುದು ಒಂದು. ಯಾರ ನಾಯಿ ಮೊದಲು ಹಿಡಿಯುತ್ತದೆಂದು ಪಂಥ ಕಟ್ಟಿ ಕೊಲ್ಲಿಸುವುದು ಇನ್ನೊಂದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2004ರ ಬೇಟೆ ಕಾಯ್ದೆಯೂ ಇಲ್ಲಿ ಭೇದವೆಣಿಸಿತು. ಜಮೀನಿನ ಒಡೆಯನ ಅನುಮತಿಯಿದ್ದರೆ ಬಿಲದ ಮೊಲವನ್ನು ನಾಯಿಯಿಂದ ಹಿಡಿಯಬಹುದು. ಬಯಲಲ್ಲಿ ವಾಸಿಸುವ ದೊಡ್ಡ ಕಾಡುಮೊಲವನ್ನು ನಾಯಿಗಳಿಂದ ಅಟ್ಟಿಸುವ ಸ್ಪರ್ಧೆ ಮಾತ್ರ ಸಂಪೂರ್ಣ ನಿಷಿದ್ಧ.

ಕನ್ನಡದಲ್ಲಿ ಈ ಎರಡು ಪ್ರಾಣಿಗಳಿಗೂ ನಾವು ಮೊಲವೆಂದೇ ಹೇಳುತ್ತೇವೆ. ಆದುದರಿಂದ ಗೊಂದಲಕ್ಕೆ ಅವಕಾಶವಿದೆ. ನಮ್ಮ ನಾಡಿನ ಬಯಲಿನಲ್ಲಿರುವುದು ಬಿಲ ತೋಡದ ಕಾಡುಮೊಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಅದನ್ನು ಅಟ್ಟುವುದರಲ್ಲಿ ಹೆಸರಾಗಿದ್ದುದು ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ಅದರ ಬೇಟೆ ಅಪರಾಧ. ಮಾಂಸ ಹಲಾಲ್ ಎಂಬ ಮಾತ್ರಕ್ಕೆ ರಾತ್ರಿ ನಾಯಿಗಳೊಂದಿಗೆ ಹೊಲಕ್ಕಿಳಿಯಲು ಯಾರಿಗೂ ಪರವಾನಗಿ ದೊರೆಯುವುದಿಲ್ಲ. ಸಮಾಜದ ಹಿತಕ್ಕಾಗಿ ಮಾಡಿದ ಕಾನೂನನ್ನು ಪಾಲಿಸುವುದು ಒಪ್ಪಂದಪಾಲನೆಯ ಭಾಗ. ಈ ಮಾತನ್ನು ತಂದೆತಾಯಂದಿರು ಯುವಕರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮುಂದೆ ಇಂತಹ ಮಾಂಸ ಬಂದರೆ ಅವರು ಕೇಳಬೇಕಾದ ಪ್ರಶ್ನೆಗಳು ಸರಳ: ಜೀವಂತ ಸಿಕ್ಕಿತೇ, ಝಬಹ್ ಮಾಡಿದವರಾರು, ಯಾರ ನಾಮದಲ್ಲಿ? ಉತ್ತರ ಸಿಗದಿದ್ದರೆ ಬಿಟ್ಟುಬಿಡುವುದೇ ಕ್ಷೇಮ. ಉಳಿದ ನಾವು ಬೇಟೆಗಾರನನ್ನು ಕ್ರೂರಿಯೆಂದು ಕರೆಯುವ ಮುನ್ನ, ನಮ್ಮ ತಟ್ಟೆಯ ಕೋಳಿ ಹೇಗೆ ಬದುಕಿತು, ಹೇಗೆ ಸತ್ತಿತು ಎಂದು ಒಮ್ಮೆಯಾದರೂ ವಿಚಾರಿಸಬೇಕು. ಮೂಕ ಜೀವಿಗಳ ವಿಷಯದಲ್ಲಿಯೂ ನಾವು ಅಲ್ಲಾಹನ ಮುಂದೆ ಉತ್ತರ ಹೇಳಬೇಕಾದವರು. ಆ ಪ್ರಜ್ಞೆಯನ್ನು ಅವನು ನಮ್ಮೆಲ್ಲರ ಹೃದಯಗಳಲ್ಲಿ ಜೀವಂತವಾಗಿಡಲಿ.