ಹನ್ನೆರಡು ವರ್ಷ, ಗಂಡು, ಹೆಸರಿಲ್ಲ

ಎಸ್‌ಕ್ಯೂಎಲ್‌ನಲ್ಲಿ ಸೌಂಡೆಕ್ಸ್ ಅಂತ ಒಂದು ಫಂಕ್ಷನ್ ಇದೆ. ಕಾಲೇಜಿನಲ್ಲಿ ಲ್ಯಾಬ್ ಪರೀಕ್ಷೆಗೆ ಓದಿಕೊಂಡಿದ್ದು ಬಿಟ್ಟರೆ ಎಂಟು ವರ್ಷದ ಕೆಲಸದಲ್ಲಿ ಒಮ್ಮೆಯೂ ಬಳಸಿರಲಿಲ್ಲ. ಬರೆಯುವ ರೀತಿ ಬೇರೆಯಾದರೂ ಕೇಳುವುದಕ್ಕೆ ಒಂದೇ ಥರ ಇರುವ ಇಂಗ್ಲಿಷ್ ಹೆಸರುಗಳಿಗೆ ಅದು ಒಂದೇ ಕೋಡ್ ಕೊಡುತ್ತೆ. ಮೊದಲ ಅಕ್ಷರ ಹಾಗೇ ಉಳಿಯುತ್ತೆ, ಸ್ವರಗಳು ಬಿದ್ದುಹೋಗುತ್ತವೆ, ಹತ್ತಿರದ ಧ್ವನಿಯ ವ್ಯಂಜನಗಳಿಗೆ ಒಂದೇ ಅಂಕಿ. ಸ್ಮಿತ್ ಅನ್ನೋದನ್ನು ‘ಐ’ ಹಾಕಿ ಬರೆದರೂ ‘ವೈ’ ಹಾಕಿ ಬರೆದರೂ ಸಿಗುವುದು ಎಸ್530. ಇದರ ಪೇಟೆಂಟ್ 1918ರದ್ದು, ಕಂಪ್ಯೂಟರಿಗಿಂತ ಹಳೆಯದು. 1930ರ ದಶಕದಲ್ಲಿ ಅಮೆರಿಕ ಸರ್ಕಾರ ತನ್ನ ಹಳೆಯ ಜನಗಣತಿಗಳಿಗೆ ಕಾರ್ಡುಗಳಲ್ಲಿ ಸೂಚಿ ಮಾಡಿಸಿದ್ದು ಇದೇ ಕೋಡಿನಲ್ಲಂತೆ. ಇದನ್ನು ನನಗೆ ಹೇಳಿದ್ದು ಅಟ್ಲಾಂಟಾದಲ್ಲಿರುವ ನಮ್ಮ ಟೆಸ್ಟಿಂಗ್ ಲೀಡ್.

ಅವರಿಗೆ ಅರವತ್ತರ ಹತ್ತಿರ. ಕಪ್ಪು ಅಮೆರಿಕನ್ನರು. ಒಂದು ರಾತ್ರಿ ಕಾಲ್ ಮುಗಿದು ಎಲ್ಲರೂ ಹೋದ ಮೇಲೆ ಕೇಳಿದರು, “ಕಸ್ಟಮರ್ ಹೆಸರುಗಳನ್ನು ಹೊಂದಿಸುವ ಕೋಡ್ ಬರೆದಿದ್ದೀಯಲ್ಲ, ನಮ್ಮ ತಾತನ ತಾತನನ್ನು ಹುಡುಕಿಕೊಡ್ತೀಯಾ?”

ಅರ್ಧ ದಾರಿ ಅವರೇ ಬಂದಿದ್ದರು. ಜಾರ್ಜಿಯಾದ 1880ರ ಗಣತಿಯಲ್ಲಿ ಆ ಮನುಷ್ಯ ಇದ್ದಾನೆ, ಹೆಂಡತಿ ಮಕ್ಕಳ ಸಮೇತ. 1870ರಲ್ಲೂ ಇದ್ದಾನೆ, 22 ವರ್ಷ, ಹೊಲದ ಕೂಲಿ. ಅದಕ್ಕಿಂತ ಹಿಂದೆ ಇಲ್ಲ. ಇದು ಅವರೊಬ್ಬರ ಕಥೆಯಲ್ಲ. ಮನೆಯ ಪ್ರತಿಯೊಬ್ಬರ ಹೆಸರನ್ನೂ ಅಮೆರಿಕದ ಗಣತಿ ಬರೆಯಲು ಶುರು ಮಾಡಿದ್ದು 1850ರಲ್ಲಿ, ಆದರೆ ಸ್ವತಂತ್ರರ ಹೆಸರನ್ನು ಮಾತ್ರ. ಗುಲಾಮರಿಗೆ ಬೇರೆ ಪಟ್ಟಿ. ಅದರಲ್ಲಿ ಒಡೆಯನ ಹೆಸರು, ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. 1860ರಲ್ಲೂ ಅಷ್ಟೇ. ಗುಲಾಮರಾಗಿದ್ದವರ ಹೆಸರು ಗಣತಿಗೆ ಬರಲು ಯುದ್ಧ ಮುಗಿದು 1870 ಆಗಬೇಕಾಯಿತು. ವಂಶ ಹುಡುಕುವ ಕಪ್ಪು ಕುಟುಂಬಗಳೆಲ್ಲ ಈ ಇಸವಿಗೆ ಬಂದು ತಲೆ ಚಚ್ಚಿಕೊಳ್ಳುತ್ತವೆ.

1860ರ ಪಟ್ಟಿಯ ಒಂದು ಪುಟವನ್ನು ಅವರ ಮನೆಯವರು ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿದ್ದರು. ತಮ್ಮ ಮನೆತನದ ಹೆಸರೇ ಇರುವ ಒಬ್ಬ ಒಡೆಯ. ಅವನ ಕೆಳಗೆ 33 ವರ್ಷದ ಹೆಂಗಸು, 12 ವರ್ಷದ ಹುಡುಗ. ಹುಡುಗನ ವಯಸ್ಸು ಸರಿಹೊಂದುತ್ತೆ. ಹಾಗಾಗಿ ಆಕೆ ತಾಯಿ ಅಂತ ತೀರ್ಮಾನಿಸಿದ್ದರು. ಬಿಡುಗಡೆಯಾದವರೆಲ್ಲ ಕೊನೆಯ ಒಡೆಯನ ಹೆಸರನ್ನೇ ಇಟ್ಟುಕೊಳ್ಳಲಿಲ್ಲ ಅನ್ನೋದು ಲೀಡ್‌ಗೆ ಗೊತ್ತಿತ್ತು, ಆದರೂ. ಅವರ ಅಮ್ಮನಿಗೆ ಈಗ 86. “ಆ ಹೆಂಗಸಿನ ಹೆಸರೊಂದು ಗೊತ್ತಾಗಲಿ” ಅನ್ನೋದು ಅವರ ಆಸೆ.

ಮುಂದಿನ ದಾರಿ ಒಂದು ಬ್ಯಾಂಕು. ಬಿಡುಗಡೆಯಾದವರಿಗಾಗಿ 1865ರಲ್ಲಿ ಶುರುವಾದ ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕ್. ಜಾರ್ಜಿಯಾದಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದೇ ಕಾನೂನಿಗೆ ವಿರುದ್ಧವಾಗಿತ್ತು, ಇನ್ನು ಸಹಿ ಎಲ್ಲಿಂದ ಬರಬೇಕು? ಗ್ರಾಹಕನನ್ನು ಗುರುತಿಸಲು ಗುಮಾಸ್ತ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದ. ವಯಸ್ಸು, ಹುಟ್ಟಿದ ಊರು, ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಅಣ್ಣ ತಮ್ಮಂದಿರು. ನಮ್ಮ ಕೆವೈಸಿ ಥರ. (ನಮ್ಮದರಲ್ಲಿ ಒಟಿಪಿ ಬರದೆ ಅರ್ಧ ಗಂಟೆ ಹೋಗುತ್ತೆ, ಅದು ಬೇರೆ ಮಾತು.) ಆ ರಿಜಿಸ್ಟರುಗಳಲ್ಲಿ ಸುಮಾರು 4,80,000 ಹೆಸರುಗಳಿವೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ಹುಡುಕಬಹುದು.

ಸೌಂಡೆಕ್ಸ್ ಹಾಕಿದೆ, ಸಿಗಲಿಲ್ಲ. ಮೂರು ವಾರಾಂತ್ಯ ಹೋಯಿತು. ಆಮೇಲೆ ಹೊಳೆಯಿತು: ಈ ಕೋಡ್ ಮೊದಲ ಅಕ್ಷರವನ್ನು ಮುಟ್ಟುವುದೇ ಇಲ್ಲ. ಅವರ ಮನೆತನದ ಹೆಸರು ಶುರುವಾಗುವುದು ಇಂಗ್ಲಿಷಿನ ‘ಸಿ’ಯಿಂದ, ಉಚ್ಚಾರ ಮಾತ್ರ ‘ಕ’. ಗುಮಾಸ್ತ ಕಿವಿಗೆ ಬಿದ್ದ ಹಾಗೆ ‘ಕೆ’ ಹಾಕಿ ಬರೆದಿರಬಹುದಲ್ಲ? ಹೇಳುವವನಿಗೆ ಓದು ಬರದಿದ್ದರೆ ತಿದ್ದುವವರು ಯಾರು? ‘ಕೆ’ ಹಾಕಿದೆ. ಸವಾನಾ ಶಾಖೆ, 1871, ವಯಸ್ಸು 23. ಹೆಂಡತಿಯ ಹೆಸರು, ಮೊದಲ ಮಗಳ ಹೆಸರು ಎರಡೂ ಗಣತಿಗೆ ಸರಿಹೊಂದಿದವು. ಸಹಿಯ ಜಾಗದಲ್ಲಿ ಒಂದು ಕೊಯ್ದ ಗೆರೆ. ಅಪ್ಪನ ಜಾಗ ಖಾಲಿ. ಅಮ್ಮನ ಜಾಗದಲ್ಲಿ ಒಂದು ಹೆಸರು.

ರಾತ್ರಿ ಒಂದು ಗಂಟೆ. ಸ್ಕ್ರೀನ್‌ಶಾಟ್ ತೆಗೆದು “ಸಿಕ್ಕಿತು!” ಅಂತ ಕಳಿಸಿ, ಬಗ್ ಕ್ಲೋಸ್ ಮಾಡಿದ ಖುಷಿಯಲ್ಲಿ ಮಲಗಿಬಿಟ್ಟೆ.

ಎರಡು ದಿನ ಉತ್ತರ ಬರಲಿಲ್ಲ. ಏನಾಯಿತು ಅಂತ ಚಿತ್ರವನ್ನು ಮತ್ತೆ ತೆರೆದೆ. ನನಗೆ ಬೇಕಾದ ಕಾಲಂಗಳನ್ನಷ್ಟೇ ನೋಡಿದ್ದೆ. ತಾಯಿಯ ಹೆಸರಿನ ಮುಂದೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಇವನು ಚಿಕ್ಕವನಿದ್ದಾಗಲೇ ಆಕೆಯನ್ನು ಅಲಬಾಮಾಗೆ ಮಾರಿದ್ದರು.

ಅಂದರೆ ಫ್ರೇಮಿನಲ್ಲಿರುವ 33 ವರ್ಷದ ಹೆಂಗಸು ತಾಯಿ ಆಗಿರಲಾರಳು. ಆ ಹುಡುಗ ಇವನೇನಾ ಅನ್ನೋದಕ್ಕೂ ಈಗ ಆಧಾರವಿಲ್ಲ. ವರ್ಷಗಟ್ಟಲೆ ಆ ಸಾಲಿನ ಮುಂದೆ ನಿಂತು ಇಡೀ ಕುಟುಂಬ ಫೋಟೋ ತೆಗೆಸಿಕೊಂಡಿದೆ. ನಾನು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಕಳಿಸಿದ್ದೆ.

ಕ್ಷಮೆ ಕೇಳಿ ಮೆಸೇಜ್ ಮಾಡಿದೆ. ಆ ರಾತ್ರಿ ಅವರೇ ಕಾಲ್ ಮಾಡಿದರು. “ಕೋಪ ಇಲ್ಲ. ಅಮ್ಮನಿಗೆ ಹೇಗೆ ಹೇಳೋದು ಅಂತ ಯೋಚಿಸ್ತಾ ಇದ್ದೆ” ಅಂದರು. ಬ್ಯಾಂಕಿನ ಉಳಿದ ಕಥೆ ಹೇಳಿದ್ದೂ ಆಗಲೇ. ನಡೆಸುವವರ ಅವ್ಯವಹಾರದಿಂದ 1874ರಲ್ಲಿ ಅದು ಮುಳುಗಿತು. 60 ಸಾವಿರಕ್ಕೂ ಹೆಚ್ಚು ಜನರ ಸುಮಾರು 30 ಲಕ್ಷ ಡಾಲರ್ ಅದರಲ್ಲಿತ್ತು. ಕೆಲವರಿಗೆ ಒಂದಿಷ್ಟು ವಾಪಸ್ ಬಂತು, ಪೂರ್ತಿ ಯಾರಿಗೂ ಬರಲಿಲ್ಲ. “ದುಡ್ಡು ಹೋಯ್ತು, ಫಾರಂ ಉಳೀತು” ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ಅವರ ಮನೆಯದು. ಫ್ರೇಮನ್ನೂ ಅವರು ಇಳಿಸಿಲ್ಲ, ಆಕೆಯೂ ಯಾರದೋ ಮನೆಯವಳೇ ತಾನೇ ಅಂದರು.

ಭಾನುವಾರ ಅಮ್ಮನ ಹತ್ತಿರ ಕೂತು, ಮಾರಾಟದ ಸಾಲನ್ನೂ ಸೇರಿಸಿ ಓದಿ ಹೇಳಿದರಂತೆ. ಅಮ್ಮ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, “ಅದು ನನ್ನ ಅಪ್ಪನ ಅಕ್ಕನ ಹೆಸರಲ್ವಾ? ಆ ಹೆಸರು ಇಟ್ಟಿದ್ದು ಯಾರು ಅಂತ ಕೇಳಿದಾಗೆಲ್ಲ, ತಾತ ಅಂತಿದ್ದಳು ಅತ್ತೆ” ಅಂದರಂತೆ.